ಮಕ್ಕಳೊಡನೆ ನೀರಿಗೆ ಇಳಿಯುವ ಮುನ್ನ

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಊರುಗಳಲ್ಲಿ ಅಜ್ಜಿಯ ಮನೆಗಳು ತುಂಬಿಕೊಳ್ಳುತ್ತವೆ. ಅತ್ತೆಯ ಮಕ್ಕಳು, ಚಿಕ್ಕಪ್ಪನ ಮಕ್ಕಳು, ಅವರ ಜೊತೆಗೆ ನೆರೆಮನೆಯ ಒಂದಿಬ್ಬರು. ಬಿಸಿಲು ಏರಿದಂತೆ ಎಲ್ಲರಿಗೂ ಕೆರೆಯೋ ಹೊಳೆಯೋ ನೆನಪಾಗುತ್ತದೆ. “ನೀನು ದೊಡ್ಡವನು, ಈಜು ಬಲ್ಲೆ, ಇವರನ್ನೆಲ್ಲ ಕರೆದುಕೊಂಡು ಹೋಗಿ ಬಾರಪ್ಪ” ಎಂದು ಹಿರಿಯರು ಹೇಳುವುದು ಸಾಮಾನ್ಯವಾಗಿ ಪ್ರೌಢಶಾಲೆಯಲ್ಲಿಯೋ ಕಾಲೇಜಿನಲ್ಲಿಯೋ ಓದುತ್ತಿರುವ ಹುಡುಗನಿಗೆ, ಈಚೆಗೆ ಹುಡುಗಿಗೂ ಹೇಳುತ್ತಾರೆ. ಆದುದರಿಂದ ಈ ಲೇಖನವನ್ನು ನಾವು ತಾಯಿತಂದೆಗಳಿಗಾಗಿ ಅಲ್ಲ, ಆ ವಿದ್ಯಾರ್ಥಿಗಳಿಗಾಗಿಯೇ ಬರೆಯುತ್ತಿದ್ದೇವೆ. ತರಗತಿಯಲ್ಲಿ ಪರೀಕ್ಷೆಗೆಂದು ಓದಿದ ನಾಲ್ಕಾರು ನಿಯಮಗಳು ಈ ಹೊಣೆಯನ್ನು ಹೊತ್ತಾಗ ಎಷ್ಟು ಕೆಲಸಕ್ಕೆ ಬರುತ್ತವೆಂಬುದನ್ನು ನೋಡೋಣ.

ಹೊಣೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೨೧ನೆಯ ಒಂದು ವರ್ಷದಲ್ಲಿ ಲೋಕದಲ್ಲಿ ಸುಮಾರು ೩ ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತರಾದರು. ಅವರಲ್ಲಿ ಹೆಚ್ಚುಕಡಮೆ ಕಾಲು ಪಾಲು ಐದು ವರ್ಷ ತುಂಬದ ಮಕ್ಕಳು.

ಮೊದಲು ದೇಹವು ನೀರಿನಲ್ಲಿ ತೇಲುವ ಬಗೆಯನ್ನು ವಿಚಾರ ಮಾಡಬೇಕು. ನೀರಿನಲ್ಲಿ ಮುಳುಗಿದ ವಸ್ತುವು ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕದಷ್ಟು ಬಲದಿಂದ ಮೇಲಕ್ಕೆ ನೂಕಲ್ಪಡುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ಅರಿಯದ ವಿದ್ಯಾರ್ಥಿಯಿಲ್ಲ. ೨೦ ಕಿಲೋಗ್ರಾಂ ತೂಗುವ ಒಂದು ಮಗುವನ್ನು ತೆಗೆದುಕೊಳ್ಳೋಣ. ಆರು ವರ್ಷದ ಮಗುವೆಂದು ಇಟ್ಟುಕೊಳ್ಳಬಹುದು. ಎದೆ ತುಂಬ ಉಸಿರು ಎಳೆದುಕೊಂಡಾಗ ಅದರ ದೇಹದ ಗಾತ್ರ ಸುಮಾರು ೨೦.೬ ಲೀಟರ್ ಆದೀತು. ಒಂದು ಲೀಟರ್ ಸಿಹಿನೀರಿನ ತೂಕ ಒಂದು ಕಿಲೋಗ್ರಾಂ. ಎಂದರೆ ಮಗು ತೇಲುತ್ತದೆ, ಆದರೆ ನೀರಿನಿಂದ ಹೊರಗೆ ಉಳಿಯುವುದು ಅರ್ಧ ಲೀಟರಿಗಿಂತ ತುಸು ಹೆಚ್ಚು ಗಾತ್ರ ಮಾತ್ರ. ಈಗ ಮಗು ಒಂದು ಲೀಟರ್ ಗಾಳಿಯನ್ನು ಹೊರಕ್ಕೆ ಬಿಟ್ಟಿತೆನ್ನಿ. ಗಾತ್ರ ೧೯.೬ ಲೀಟರಿಗೆ ಇಳಿಯಿತು. ತೂಕ ೨೦ ಕಿಲೋಗ್ರಾಂ ಹಾಗೆಯೇ ಉಳಿಯಿತು. ಮಗು ಮುಳುಗುತ್ತದೆ. ತೇಲುವುದಕ್ಕೂ ಮುಳುಗುವುದಕ್ಕೂ ನಡುವೆ ಇರುವ ಅಂತರವೆಲ್ಲ ಒಂದು ಉಸಿರಿನಲ್ಲಿ ಅಡಗಿದೆ.

ಈ ಲೆಕ್ಕವನ್ನು ಇನ್ನೂ ಒಂದು ಹೆಜ್ಜೆ ಮುಂದುವರಿಸಬೇಕು. ಆ ಮಗುವಿನ ತಲೆಯೊಂದೇ ೩ ಕಿಲೋಗ್ರಾಂಗೂ ಮಿಕ್ಕಿ ತೂಗುತ್ತದೆ. ದೊಡ್ಡವರೊಡನೆ ಹೋಲಿಸಿದರೆ ಮಕ್ಕಳ ತಲೆ ದೇಹಕ್ಕಿಂತ ದೊಡ್ಡ ಪ್ರಮಾಣದಲ್ಲಿರುತ್ತದೆಂಬುದನ್ನು ಎಲ್ಲರೂ ನೋಡಿರುವರು. ಹುಟ್ಟಿದ ಶಿಶುವಿನ ಉದ್ದದಲ್ಲಿ ನಾಲ್ಕನೆಯ ಒಂದು ಪಾಲು ತಲೆಯೇ. ತುಂಬು ಉಸಿರಿನ ಸಹಾಯದಿಂದ ಹೊರಗೆ ನಿಲ್ಲಬಲ್ಲದ್ದು ಅರ್ಧ ಲೀಟರಿನಷ್ಟು ಮಾತ್ರವಾದರೆ, ಇಡೀ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುವುದು ಹೇಗೆ ಸಾಧ್ಯ? ಕೈಕಾಲು ಬಡಿಯದೆ ಸಾಧ್ಯವಿಲ್ಲ. ಬೆನ್ನ ಮೇಲೆ ಮಲಗಿ ಮುಖವನ್ನಷ್ಟೇ ಹೊರಗಿಟ್ಟರೆ ಸಾಧ್ಯ. ಆದುದರಿಂದ ಮಕ್ಕಳಿಗೆ ಈಜು ಕಲಿಸುವವರು ಮುಂದಕ್ಕೆ ಸಾಗುವುದನ್ನು ಆಮೇಲೆ ಕಲಿಸಲಿ, ಅಂಗಾತ ತೇಲುವುದನ್ನು ಮೊದಲು ಕಲಿಸಲಿ ಎಂದು ನಮ್ಮ ಅಭಿಪ್ರಾಯ.

ಹೆದರಿದ ಮಗು ಏನು ಮಾಡುತ್ತದೆ? ಕೈಗಳನ್ನು ಮೇಲಕ್ಕೆ ಚಾಚಿ ‘ಅಣ್ಣಾ’ ಎಂದು ಕೂಗುತ್ತದೆ ಎಂದು ನಾವು ಊಹಿಸುತ್ತೇವೆ. ಒಂದೊಂದು ತೋಳೂ ದೇಹದ ತೂಕದಲ್ಲಿ ಸುಮಾರು ಇಪ್ಪತ್ತನೆಯ ಒಂದು ಪಾಲು. ಎಂದರೆ ಎರಡು ತೋಳು ಹೊರಗೆ ಬಂದರೆ ೨ ಕಿಲೋಗ್ರಾಂ ಹೊರೆ. ನೀರಿನೊಳಗಿದ್ದಾಗ ಈ ಹೊರೆ ಇರಲಿಲ್ಲ. ಕೂಗಿದರೆ ಉಸಿರು ಖಾಲಿ. ಎರಡೂ ಸೇರಿ ಬಾಯಿ ನೀರಿನೊಳಕ್ಕೆ ಇಳಿಯುತ್ತದೆ. ನಿಜವಾಗಿ ಮುಳುಗುತ್ತಿರುವವರು ಬಹುಮಟ್ಟಿಗೆ ಕೂಗುವುದೂ ಇಲ್ಲ, ಕೈ ಬೀಸುವುದೂ ಇಲ್ಲ. ನ್ಯೂಯಾರ್ಕ್ ನಗರದ ಆರ್ಚರ್ಡ್ ಬೀಚ್ ಎಂಬ ಕಡಲತೀರದಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಎಂಬಾತನು ಇಂಥ ಪ್ರಸಂಗಗಳನ್ನು ಚಲನಚಿತ್ರದಲ್ಲಿ ಸೆರೆಹಿಡಿದು, ೧೯೭೦ರ ದಶಕದಲ್ಲಿ ತನ್ನ ವಿವರಣೆಯನ್ನು ಮುಂದಿಟ್ಟನು. ಆತನು ಕಂಡದ್ದು ಹೀಗೆ: ಮುಳುಗುವವನ ದೇಹ ನೀರಿನಲ್ಲಿ ನೆಟ್ಟಗೆ ನಿಂತಿರುತ್ತದೆ, ತೋಳುಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ, ಬಾಯಿ ನೀರಿನ ಮೇಲೆ ಬಂದ ಒಂದು ಕ್ಷಣದಲ್ಲಿ ಉಸಿರನ್ನು ಬಿಟ್ಟು ಎಳೆದುಕೊಳ್ಳುವುದಕ್ಕೇ ಸಮಯ ಸಾಲದು, ಮಾತಿಗೆ ಎಲ್ಲಿಯ ಸಮಯ? ಈ ಹೋರಾಟ ೨೦ರಿಂದ ೬೦ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ದಡದಲ್ಲಿ ನಿಂತವನ ಕಣ್ಣಿಗೆ ಮಗು ನೀರಿನಲ್ಲಿ ಕುಣಿದಾಡುತ್ತಿರುವಂತೆ ಮಾತ್ರ ಕಾಣುತ್ತದೆ.

ಹತ್ತು ಮಕ್ಕಳ ಗದ್ದಲದಲ್ಲಿ ಒಂದು ಮಗು ಸದ್ದಿಲ್ಲದೆ ಹೋಗಬಲ್ಲುದು. ಆದಕಾರಣ ಅನೇಕ ಮಕ್ಕಳನ್ನು ಕರೆದುಕೊಂಡು ಹೋಗುವವನು ಕಿವಿಯನ್ನು ನಂಬಬಾರದು, ಕಣ್ಣನ್ನೇ ನಂಬಬೇಕು. ಒಬ್ಬನ ಕಣ್ಣು ಎಷ್ಟು ಮಕ್ಕಳಿಗೆ ಸಾಕು? ಇದನ್ನು ಲೆಕ್ಕ ಹಾಕಬಹುದು. ಒಂದು ಮಗುವಿನ ಮುಖ ನೀರಿನ ಮೇಲಿದೆ, ಅದು ಸರಾಗವಾಗಿ ಉಸಿರಾಡುತ್ತಿದೆ ಎಂದು ಖಚಿತಪಡಿಸಿಕೊಳ್ಳಲು ೩ ಸೆಕೆಂಡು ಬೇಕೆಂದು ಇಟ್ಟುಕೊಳ್ಳಿ. ಆ ಮಗುವಿನಿಂದ ಮುಂದಿನ ಮಗುವನ್ನು ಹುಡುಕಲು ಮತ್ತೊಂದು ಸೆಕೆಂಡು, ಏಕೆಂದರೆ ಮಕ್ಕಳು ನಿಂತಲ್ಲಿ ನಿಲ್ಲುವುದಿಲ್ಲವಷ್ಟೆ. ಐದು ಮಕ್ಕಳಿದ್ದರೆ ಒಂದು ಸುತ್ತಿಗೆ ೨೦ ಸೆಕೆಂಡು. ಹತ್ತು ಮಕ್ಕಳಿದ್ದರೆ ೪೦ ಸೆಕೆಂಡು. ಮೊದಲನೆಯ ಮಗುವನ್ನು ನೋಡಿದ ಮರುಕ್ಷಣವೇ ಅದು ಅಪಾಯಕ್ಕೆ ಸಿಕ್ಕಿದರೆ, ಕಣ್ಣು ಮತ್ತೆ ಅದರ ಕಡೆಗೆ ತಿರುಗುವ ಹೊತ್ತಿಗೆ ಮೇಲೆ ಹೇಳಿದ ೨೦ ಸೆಕೆಂಡುಗಳು ಕಳೆದಿರುತ್ತವೆ. ಈಜುಕೊಳಗಳ ಜೀವರಕ್ಷಕರಿಗೆ ಕಲಿಸುವ ಒಂದು ಪ್ರಸಿದ್ಧ ನಿಯಮವೂ ಇದೇ ಬಗೆಯದು: ೧೦ ಸೆಕೆಂಡುಗಳಲ್ಲಿ ತನ್ನ ಪಾಲಿನ ನೀರನ್ನೆಲ್ಲ ಕಣ್ಣಾಡಿಸಿ ಅಪಾಯವನ್ನು ಗುರುತಿಸಬೇಕು, ಮುಂದಿನ ೨೦ ಸೆಕೆಂಡುಗಳಲ್ಲಿ ಅಲ್ಲಿಗೆ ತಲುಪಬೇಕು. ನಮ್ಮ ಲೆಕ್ಕದಂತೆ ಹತ್ತು ಸೆಕೆಂಡುಗಳಲ್ಲಿ ಸಿಕ್ಕುವುದು ಇಬ್ಬರು ಅಥವಾ ಮೂವರು ಮಕ್ಕಳು. ಐವರನ್ನು ನೀರಿಗೆ ಬಿಟ್ಟು ಒಬ್ಬನೇ ಕಾಯುತ್ತೇನೆನ್ನುವುದು ಧೈರ್ಯವಲ್ಲ, ಗಣಿತದ ಅಜ್ಞಾನ.

ಈ ನಡುವೆ ಜೇಬಿನಲ್ಲಿರುವ ಮೊಬೈಲ್ ಫೋನು ಒಮ್ಮೆ ಸದ್ದು ಮಾಡಿತೆನ್ನಿ. ಬಂದ ಸಂದೇಶವನ್ನು ಓದಿ ಎರಡು ಮಾತು ಉತ್ತರ ಬರೆಯಲು ಅರ್ಧ ನಿಮಿಷವಾದರೂ ಬೇಕು. ಉಳಿದುದನ್ನು ವಾಚಕರೇ ಊಹಿಸಿಕೊಳ್ಳಲಿ.

ಈ ಲೆಕ್ಕದಿಂದ ಕೆಲವು ವ್ಯವಹಾರದ ನಿಯಮಗಳು ತಾವಾಗಿಯೇ ಹೊರಡುತ್ತವೆ. ಕಾಯುವವನು ಈಜಬಾರದು. ನೀರಿನಲ್ಲಿ ಮುಳುಗೇಳುವವನಿಗೆ ತನ್ನ ಮುಂದಿನ ಅಲೆಯ ಹೊರತು ಏನೂ ಕಾಣದು. ಅವನಿಗೂ ಈಜುವ ಆಸೆಯಿದ್ದರೆ ಮತ್ತೊಬ್ಬನಿಗೆ ಬಾಯಿಬಿಟ್ಟು ಹೇಳಿ ಕಾವಲನ್ನು ಒಪ್ಪಿಸಿ ಇಳಿಯಲಿ. ಕಾಲು ಗಂಟೆಗೊಮ್ಮೆ ಹೀಗೆ ಬದಲಾಯಿಸಿಕೊಳ್ಳುವುದು ಕಣ್ಣಿನ ದಣಿವಿಗೂ ಒಳ್ಳೆಯದು. ಹಿರಿಯರು ಇಬ್ಬರಿದ್ದರೆ ಇಬ್ಬರೂ ಎಲ್ಲರನ್ನೂ ನೋಡಿಕೊಳ್ಳುತ್ತೇವೆ ಎನ್ನುವುದು ಬೇಡ. ಹಾಗೆಂದಾಗ ‘ಅವನು ನೋಡುತ್ತಿದ್ದಾನೆ’ ಎಂದು ಇವನೂ, ‘ಇವನು ನೋಡುತ್ತಿದ್ದಾನೆ’ ಎಂದು ಅವನೂ ನಿಶ್ಚಿಂತರಾಗುವರು. ನೆಂಟರ ಗುಂಪೇ ದಡದಲ್ಲಿ ಬುತ್ತಿ ಬಿಚ್ಚಿ ಕುಳಿತಿರುವಾಗ ನಡೆಯುವ ಅನಾಹುತಗಳಿಗೆ ಇದೇ ಮೂಲ. ಈ ಮೂವರು ನಿನ್ನವರು, ಆ ಮೂವರು ನನ್ನವರು ಎಂದು ಹೆಸರು ಹಿಡಿದು ಹಂಚಿಕೊಳ್ಳಬೇಕು. ಈಜು ಬಾರದ ಪುಟ್ಟ ಮಕ್ಕಳಿಗಂತೂ ಕಣ್ಣು ಸಾಲದು. ಕಾಯುವವನು ನೀರಿನಲ್ಲಿಯೇ ನಿಂತು, ಮಗುವನ್ನು ಕೈಗೆಟುಕುವ ದೂರದಲ್ಲಿ ಇಟ್ಟುಕೊಳ್ಳಬೇಕು. ಕೈಗಳು ಎರಡೇ ಇರುವುದರಿಂದ ಅಂಥ ಮಕ್ಕಳನ್ನು ಸರದಿಯ ಮೇಲೆ ಇಳಿಸದೆ ಗತ್ಯಂತರವಿಲ್ಲ. ಸರದಿ ಕಾಯುವವರು ದಡದಲ್ಲಿ ಮತ್ತೊಬ್ಬರ ಬಳಿ ಕುಳಿತಿರಬೇಕು. ಮತ್ತೊಬ್ಬರು ಇಲ್ಲದಿದ್ದರೆ? ಆ ದಿನ ಬಾವಿಕಟ್ಟೆಯಲ್ಲಿ ಕೊಡ ಎತ್ತಿ ತಲೆಯ ಮೇಲೆ ಸುರಿದರೂ ಮಕ್ಕಳಿಗೆ ಸಂತೋಷವೇ.

ಸ್ವಲ್ಪ ದೊಡ್ಡ ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡುವ ಪದ್ಧತಿ ಸ್ಕೌಟುಗಳಲ್ಲಿದೆ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದಿದಾಗ ಪ್ರತಿಯೊಬ್ಬನೂ ತನ್ನ ಜೊತೆಗಾರನ ಕೈ ಹಿಡಿದು ಮೇಲೆತ್ತಬೇಕು. ಒಂಟಿ ಕೈ ಕಂಡರೆ ಒಡನೆಯೇ ತಿಳಿಯುತ್ತದೆ. ಇದು ಎಣಿಕೆಗೆ ಸಹಾಯವೇ ಹೊರತು ಕಾವಲಿಗೆ ಬದಲಲ್ಲ. ಏಳು ವರ್ಷದವನನ್ನು ಆರು ವರ್ಷದವನ ರಕ್ಷಕನೆಂದು ಎಣಿಸುವುದು ಅನ್ಯಾಯ.

ಕಾಯುವವನು ಎಲ್ಲಿ ನಿಲ್ಲಬೇಕೆಂಬುದಕ್ಕೂ ಬೆಳಕಿನ ಶಾಸ್ತ್ರದಲ್ಲಿ ಉತ್ತರವಿದೆ. ನೀರನ್ನು ನೇರ ಮೇಲಿನಿಂದ ನೋಡಿದಾಗ ಅದರ ಮೇಲ್ಮೈ ಬೆಳಕಿನ ನೂರಕ್ಕೆ ೨ ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಓರೆಯಾಗಿ ನೋಡಿದಷ್ಟೂ ಈ ಪಾಲು ಏರುತ್ತದೆ. ದಡದಲ್ಲಿ ನೀರಿನ ಮಟ್ಟದಿಂದ ೭೦ ಸೆಂಟಿಮೀಟರ್ ಎತ್ತರದಲ್ಲಿ ಕಣ್ಣಿರುವಂತೆ ಕುಳಿತವನು ೪ ಮೀಟರ್ ದೂರದ ನೀರನ್ನು ನೋಡಿದರೆ ಆಕಾಶದ ಬೆಳಕಿನಲ್ಲಿ ನೂರಕ್ಕೆ ಸುಮಾರು ೩೫ ಪಾಲು ಅವನ ಕಣ್ಣಿಗೆ ಹೊಡೆಯುತ್ತದೆ. ಎದ್ದು ನಿಂತು ಕಣ್ಣನ್ನು ಒಂದೂವರೆ ಮೀಟರಿಗೆ ಏರಿಸಿದರೆ ಅದು ಸುಮಾರು ೧೩ಕ್ಕೆ ಇಳಿಯುತ್ತದೆ. ನಿಂತವನಿಗೆ ನೀರಿನ ಒಳಗು ಕಾಣುತ್ತದೆ. ಕುಳಿತವನಿಗೆ ಆಕಾಶ ಕಾಣುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಬಟ್ಟೆಯೂ ನೀಲಿ, ಬೂದು ಬಣ್ಣದ್ದಾಗಿರದೆ ಕಡುಕಿತ್ತಳೆಯೋ ಗಾಢ ಗುಲಾಬಿಯೋ ಆಗಿರಲಿ. ಕೆರೆಯ ಕೆನ್ನೀರಿನಲ್ಲಾದರೋ ಯಾವ ಬಣ್ಣವೂ ಮೊಳದಾಳದಲ್ಲಿ ಕಣ್ಮರೆಯಾಗುತ್ತದೆ. ತಳ ಕಾಣದ ನೀರಿಗೆ ಮಕ್ಕಳನ್ನು ಇಳಿಸದಿರುವುದೇ ಮೇಲು.

ತಳ ಕಂಡರೂ ಅದನ್ನು ಹಾಗೆಯೇ ನಂಬುವಂತಿಲ್ಲ. ನೀರಿನ ವಕ್ರೀಭವನಾಂಕ ೪/೩. ಆದುದರಿಂದ ನೆಟ್ಟಗೆ ನೋಡಿದಾಗ ಆಳವು ನಾಲ್ಕರಲ್ಲಿ ಮೂರು ಪಾಲು ಮಾತ್ರ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಮೆ. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತ ೧.೧ ಮೀಟರ್ ಎತ್ತರದ ಮಗುವಿಗೆ ೧.೨ ಮೀಟರ್ ಆಳದ ನೀರು ೦.೯ ಮೀಟರಿನಂತೆ ಕಾಣಿಸುವುದು. ‘ಕುತ್ತಿಗೆಯವರೆಗೆ ಬಂದೀತು’ ಎಂದು ಅದು ಇಳಿಯುತ್ತದೆ. ನೀರು ತಲೆಯ ಮೇಲೆ ನಿಲ್ಲುತ್ತದೆ. ಮಕ್ಕಳು ಇಳಿಯುವ ಮೊದಲು ದೊಡ್ಡವನು ಒಂದು ಕೋಲು ಹಿಡಿದು ತಾನೇ ನಡೆದು ಆಳವನ್ನು ಅಳೆಯಬೇಕು. ಎಲ್ಲರಿಗಿಂತ ಚಿಕ್ಕ ಮಗುವಿನ ಸೊಂಟಕ್ಕೆ ನೀರು ಬರುವಲ್ಲಿ ಒಂದು ಹಗ್ಗವನ್ನು ಅಡ್ಡ ಕಟ್ಟಿ, ಅದನ್ನು ದಾಟಬಾರದೆಂದು ಹೇಳಬೇಕು. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲುದ್ದದ ನೀರಿನ ಪಕ್ಕದಲ್ಲಿಯೇ ಆಳುದ್ದದ ಗುಂಡಿ ಇರಬಹುದೆಂಬುದನ್ನು ಮರೆಯಲಾಗದು.

ಹರಿಯುವ ನೀರಿನ ವಿಷಯ ಬೇರೆ. ನೀರು ಗಾಳಿಗಿಂತ ಸುಮಾರು ೮೦೦ ಪಟ್ಟು ಸಾಂದ್ರ. ಹರಿವು ಮೈಗೆ ಕೊಡುವ ತಳ್ಳುವ ಬಲವು ವೇಗದ ವರ್ಗಕ್ಕೆ ಅನುಗುಣವಾಗಿದೆ. ಸೊಂಟದವರೆಗೆ ನೀರಿನಲ್ಲಿ ನಿಂತ ನಮ್ಮ ೨೦ ಕಿಲೋಗ್ರಾಂ ಮಗುವಿನ ಮೇಲೆ, ಸೆಕೆಂಡಿಗೆ ಒಂದು ಮೀಟರ್ ವೇಗದ ಹೊಳೆ ಹೆಚ್ಚುಕಡಮೆ ೫ ಕಿಲೋಗ್ರಾಂ ತೂಕದಷ್ಟು ಬಲವನ್ನು ಪ್ರಯೋಗಿಸುತ್ತದೆ. ಇದು ನಾವು ಮೆಲ್ಲಗೆ ನಡೆಯುವ ವೇಗ ಮಾತ್ರ. ಅತ್ತ ನೀರು ಮಗುವಿನ ಕೆಳಮೈಯ ಭಾರವನ್ನು ಹೊತ್ತುಕೊಂಡಿರುವುದರಿಂದ ಅದರ ಪಾದಗಳು ನೆಲವನ್ನು ಒತ್ತುವುದು ಸುಮಾರು ೧೨ ಕಿಲೋಗ್ರಾಂ ತೂಕದಿಂದ. ಪಾಚಿಗಟ್ಟಿದ ಬಂಡೆಯ ಮೇಲೆ ಘರ್ಷಣೆ ಇದರ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಆಗಲಾರದು. ಎಂದರೆ ೪ ಕಿಲೋಗ್ರಾಂ. ಐದು ನಾಲ್ಕನ್ನು ಗೆಲ್ಲುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿಯಾಗಿ ದೊಡ್ಡವನನ್ನೂ ಕೆಡವೀತು. ಕೃಷ್ಣರಾಜಸಾಗರದಂಥ ಅಣೆಕಟ್ಟುಗಳ ಕೆಳಗಿನ ಹೊಳೆಯಲ್ಲಿ ಮತ್ತೊಂದು ಸಂಗತಿಯುಂಟು: ಇಲ್ಲಿ ಒಂದು ಹನಿ ಮಳೆಯಿಲ್ಲದೆಯೂ ಮೇಲೆ ತೂಬು ಬಾಗಿಲುಗಳನ್ನು ತೆರೆದರೆ ನೀರು ಏರುತ್ತದೆ. ಅಲ್ಲಿ ನಡುಹೊಳೆಯ ಬಂಡೆಗಳ ಮೇಲೆ ಮಕ್ಕಳನ್ನು ಆಡಲು ಬಿಡುವುದು ಸಲ್ಲದು.

ಈಚಿನ ವರ್ಷಗಳಲ್ಲಿ ಹಳ್ಳಿಗಳಿಗೆ ಹೊಸದೊಂದು ನೀರು ಬಂದಿದೆ. ಅದುವೇ ಕೃಷಿ ಹೊಂಡ. ೨೦೧೪ರಲ್ಲಿ ಕರ್ನಾಟಕ ಸರಕಾರವು ‘ಕೃಷಿ ಭಾಗ್ಯ’ ಯೋಜನೆಯನ್ನು ಆರಂಭಿಸಿದ ಮೇಲೆ ಮಳೆಯಾಶ್ರಯದ ಸೀಮೆಗಳಲ್ಲಿ ಇವು ಬಹಳವಾಗಿ ಹರಡಿದವು. ಬೆಳೆಗೆ ಉಪಕಾರಿಯಾದ ಈ ಹೊಂಡಗಳಿಗೆ ನೀರು ಇಂಗದಿರಲೆಂದು ಪ್ಲಾಸ್ಟಿಕ್ ಹಾಳೆಯನ್ನು ಹಾಸಿರುತ್ತಾರೆ. ಇಳಿಜಾರಿನ ಮೇಲೆ ಜಾರದೆ ನಿಲ್ಲಬೇಕಾದರೆ ಘರ್ಷಣಾಂಕವು ಇಳಿಜಾರಿನ ಕೋನದ ಸ್ಪರ್ಶಕಕ್ಕಿಂತ ಕಡಮೆಯಾಗಿರಬಾರದೆಂದು ನಾವು ಓದಿರುವೆವು. ಅಡಿಗೆ ಅಡಿ ಏರುವ ೪೫ ಡಿಗ್ರಿ ಇಳಿಜಾರಿಗೆ ಅದು ಒಂದು ಆಗಬೇಕು. ಪಾಚಿ ಹಿಡಿದ ಒದ್ದೆ ಪ್ಲಾಸ್ಟಿಕ್ಕಿನ ಮೇಲೆ ಅದು ಬಹಳ ಕಡಮೆ. ಆದುದರಿಂದ ಇಳಿದ ಮಗು, ಆಳವಿಲ್ಲದ ಅಂಚಿನಲ್ಲಿದ್ದರೂ, ಹತ್ತಲಾರದು. ಹತ್ತಿಸಲು ಹೋದ ಅಣ್ಣನೂ ಹತ್ತಲಾರನು. ಇಂಥ ಹೊಂಡ ಈಜುವ ಜಾಗವೇ ಅಲ್ಲ. ನಿಮ್ಮ ಹೊಲದಲ್ಲಿ ಇದ್ದರೆ ಸುತ್ತಲೂ ಬೇಲಿ ಹಾಕಿಸಿ, ಗಂಟುಗಳನ್ನು ಹಾಕಿದ ಒಂದು ಹಗ್ಗವನ್ನು ದಡದ ಗೂಟಕ್ಕೆ ಬಿಗಿದು ತಳದವರೆಗೆ ಇಳಿಬಿಡಿಸಿರಿ. ಈ ಕೆಲಸಕ್ಕೆ ಅರ್ಧ ದಿನ ಸಾಕು.

ನಮ್ಮ ಹಿರಿಯರು ಈಜು ಕಲಿಸುವಾಗ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟುತ್ತಿದ್ದರು. ೪ ಲೀಟರ್ ಗಾತ್ರದ ಬುರುಡೆ ಮೂರು ಕಿಲೋಗ್ರಾಂಗಿಂತ ಹೆಚ್ಚಿನ ಹೊರೆಯನ್ನು ಎತ್ತಬಲ್ಲುದು. ಜಾಣತನದ ಉಪಾಯವೇ ಸರಿ. ಆದರೆ ಕಲಿಸುವವನ ಕೈ ಪಕ್ಕದಲ್ಲಿಯೇ ಇರುತ್ತಿತ್ತು. ಬಳಲಿದ ದೇಹವು ತೇಲುವ ವಸ್ತು ಮೇಲಕ್ಕೂ ಭಾರವು ಕೆಳಕ್ಕೂ ಬರುವಂತೆ ತಾನಾಗಿ ಹೊರಳುತ್ತದೆ. ಬುರುಡೆ ಬೆನ್ನ ಮೇಲಿದ್ದರೆ ಮುಖ ನೀರಿನೊಳಕ್ಕೆ! ಸೊಂಟಕ್ಕೆ ಹಾಕುವ ಗಾಳಿ ತುಂಬಿದ ರಬ್ಬರ್ ಬಳೆಯೂ ಇದೇ ದೋಷವುಳ್ಳದ್ದು. ಭಾರವಾದ ತಲೆ ಒಮ್ಮೆ ಮುಂದಕ್ಕೆ ಬಾಗಿದರೆ ಕಾಲು ಮೇಲಾಗಿ ಮಗು ಮಗುಚಿಕೊಳ್ಳುತ್ತದೆ. ಒಳ್ಳೆಯ ಜೀವರಕ್ಷಕ ಅಂಗಿಯಲ್ಲಿ ಬೆಂಡಿನ ಹೆಚ್ಚಿನ ಭಾಗವನ್ನು ಎದೆಯ ಮೇಲೂ ಕುತ್ತಿಗೆಯ ಹಿಂದೆಯೂ ಇಟ್ಟಿರುವುದು ಮುಖ ಆಕಾಶವನ್ನು ನೋಡಲೆಂದೇ.

ದೊಡ್ಡ ಹುಡುಗರ ಒಂದು ಪಂದ್ಯದ ಬಗ್ಗೆ ಇಲ್ಲಿಯೇ ಹೇಳಿಬಿಡುವುದು ಲೇಸು. ನೀರಿನೊಳಗೆ ಯಾರು ಹೆಚ್ಚು ಹೊತ್ತು ಉಸಿರು ಕಟ್ಟುವರೆಂದು ಪಣ ಕಟ್ಟಿ, ಮುಳುಗುವ ಮುಂಚೆ ಜೋರಾಗಿ ಹತ್ತು ಇಪ್ಪತ್ತು ಸಲ ಉಸಿರಾಡುವರು. ಉಸಿರಾಡಬೇಕೆಂಬ ತಹತಹವನ್ನು ಹುಟ್ಟಿಸುವುದು ಮುಖ್ಯವಾಗಿ ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡೇ ಹೊರತು ಆಮ್ಲಜನಕದ ಕೊರತೆಯಲ್ಲ. ಜೋರಾಗಿ ಉಸಿರಾಡಿದಾಗ ಮೊದಲನೆಯದು ಹೊರಟುಹೋಗುತ್ತದೆ. ಎರಡನೆಯದೇನೂ ಅಷ್ಟಾಗಿ ಹೆಚ್ಚುವುದಿಲ್ಲ. ತಹತಹ ಹುಟ್ಟುವ ಮೊದಲೇ ಆಮ್ಲಜನಕ ಮುಗಿದು, ಹುಡುಗನು ನೀರಿನೊಳಗೇ ಮೂರ್ಛೆ ಹೋಗುವನು. ಚೆನ್ನಾಗಿ ಈಜಬಲ್ಲವರೂ ಹೀಗೆ ಸತ್ತಿರುವರು.

ಮಕ್ಕಳನ್ನು ಎಷ್ಟು ಹೊತ್ತು ನೀರಿನಲ್ಲಿ ಬಿಡಬಹುದು? ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಉತ್ತಮ ಉಷ್ಣವಾಹಕ. ೨೦ ಕಿಲೋಗ್ರಾಂ ಮಗುವಿಗೆ ೬೦ ಕಿಲೋಗ್ರಾಂ ವ್ಯಕ್ತಿಗಿಂತ, ಕಿಲೋಗ್ರಾಂ ಒಂದಕ್ಕೆ ಸುಮಾರು ಒಂದೂವರೆ ಪಟ್ಟು ಹೆಚ್ಚು ಚರ್ಮವಿದೆ. ನಿಮಗೆ ಇನ್ನೂ ಹಿತವಾಗಿರುವಾಗಲೇ ಮಗುವಿಗೆ ಚಳಿ ಹಿಡಿದಿರುತ್ತದೆ. ತುಟಿ ನೀಲಿಯಾಗಿ ಹಲ್ಲು ಕಟಕಟಿಸಿದರೆ, ಎಷ್ಟು ಹಟ ಮಾಡಿದರೂ, ಮೇಲೆ ತಂದು ಒರಸಬೇಕು.

ಎಲ್ಲ ಎಚ್ಚರಿಕೆಯ ಮೇಲೂ ಒಂದು ಮಗು ಆಳಕ್ಕೆ ಹೋಯಿತೆಂದರೆ, ತಟ್ಟನೆ ಧುಮುಕುವುದು ಕೊನೆಯ ಉಪಾಯವಾಗಿರಲಿ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಕೆಳಕ್ಕೆ ಒತ್ತಿ ತಾನು ಮೇಲೆ ಬರಲು ನೋಡುತ್ತಾನೆ. ಒಬ್ಬನ ಹಿಂದೆ ಒಬ್ಬನಂತೆ ಇಳಿದು ಇಬ್ಬರು ಮೂವರು ಒಟ್ಟಿಗೆ ಹೋಗುವುದನ್ನು ಪ್ರತಿ ಬೇಸಗೆಯಲ್ಲಿಯೂ ಪತ್ರಿಕೆಗಳಲ್ಲಿ ಓದುತ್ತೇವೆ. ದಡದಲ್ಲಿ ಮಲಗಿ ಕೋಲು ಚಾಚಿರಿ, ಸೀರೆಯನ್ನೋ ಪಂಚೆಯನ್ನೋ ಎಸೆಯಿರಿ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ; ನಮ್ಮ ಶಾಸ್ತ್ರ ಅದನ್ನು ಒಪ್ಪದು. ಆದರೆ ಬಿರಡೆಯನ್ನು ಬಿಗಿಯಾಗಿ ಮುಚ್ಚಿದ ೫ ಲೀಟರಿನ ಖಾಲಿ ಎಣ್ಣೆಯ ಕ್ಯಾನು ೪ ಕಿಲೋಗ್ರಾಂಗಿಂತ ಹೆಚ್ಚು ಹೊರುತ್ತದೆ. ಮಗುವಿನ ತಲೆ ಮೂರು ಚಿಲ್ಲರೆ ಕಿಲೋಗ್ರಾಂ ಎಂದು ಹಿಂದೆಯೇ ಹೇಳಿದೆವಷ್ಟೆ. ಹತ್ತು ಮೀಟರ್ ಹಗ್ಗ ಕಟ್ಟಿದ ಇಂಥದೊಂದು ಕ್ಯಾನನ್ನು ನೀರಿಗೆ ಹೋಗುವಾಗಲೆಲ್ಲ ಬುತ್ತಿಯ ಜೊತೆಗೆ ಒಯ್ಯುವುದು ಏನೂ ಕಷ್ಟವಲ್ಲ.

ಮೇಲೆ ತಂದ ಮಗು ಉಸಿರಾಡದಿದ್ದರೆ ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಹೆಗಲ ಮೇಲೆ ಹಾಕಿಕೊಂಡು ಓಡುವುದು ಇವೆಲ್ಲ ಹಳೆಯ ಭ್ರಮೆಗಳು. ಅಮೂಲ್ಯವಾದ ನಿಮಿಷಗಳನ್ನು ಅವು ತಿಂದುಹಾಕುತ್ತವೆ. ಆಮ್ಲಜನಕವಿಲ್ಲದೆ ನಾಲ್ಕಾರು ನಿಮಿಷ ಕಳೆದರೆ ಮಿದುಳಿಗೆ ಹಾನಿ ತಟ್ಟುತ್ತದೆ. ಮಗುವನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿ, ಗಲ್ಲವನ್ನು ಮೇಲೆತ್ತಿ, ಮೂಗು ಹಿಡಿದು, ಎದೆ ಉಬ್ಬುವಂತೆ ಬಾಯಿಗೆ ಬಾಯಿಟ್ಟು ಮೊದಲು ಉಸಿರನ್ನು ಊದಬೇಕು. ಆ ಬಳಿಕ ಎದೆಯ ನಡುವೆ ನಿಮಿಷಕ್ಕೆ ೧೦೦ರಿಂದ ೧೨೦ರ ವೇಗದಲ್ಲಿ ೩೦ ಸಲ ಒತ್ತಿ, ೨ ಸಲ ಊದುವುದನ್ನು ಮುಂದುವರಿಸಬೇಕು. ಇನ್ನೊಬ್ಬನು ೧೧೨ ಅಥವಾ ೧೦೮ಕ್ಕೆ ಕರೆ ಮಾಡಲಿ. ಓದಿ ತಿಳಿಯುವುದಕ್ಕಿಂತ ಬೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯುವುದು ಉತ್ತಮ. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಗಳು ಇಂಥ ಶಿಕ್ಷಣವನ್ನು ಕೊಡುತ್ತವೆ. ಮಗು ಕೆಮ್ಮಿ, ಅತ್ತು, ಎದ್ದು ಕುಳಿತರೂ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶಕ್ಕೆ ಹೊಕ್ಕ ನೀರು ಕೆಲವು ಗಂಟೆಗಳ ತರುವಾಯ ಉಸಿರಾಟಕ್ಕೆ ತೊಂದರೆ ಕೊಡುವುದುಂಟು. ಅದನ್ನು ವೈದ್ಯರೇ ನೋಡಿ ನಿರ್ಧರಿಸಬೇಕು.